ಮುಂಗುಸಿಯ ಹೆಸರಿನ ಬೆನ್ನುಹತ್ತಿ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ಉಪನ್ಯಾಸಕ್ಕೆ ವಿಷಯವೇನು ಎಂದು ಕಾರ್ಯದರ್ಶಿಗಳು ದೂರವಾಣಿಯಲ್ಲಿ ಕೇಳಿದಾಗ ನಾನು 'ಮುಂಗುಸಿ' ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಸಂಜೆ ಮತ್ತೊಮ್ಮೆ ಕರೆ ಮಾಡಿ, "ಗಡಿ ಪ್ರಶ್ನೆಯ ಮೇಲೋ ಕನ್ನಡ ಶಾಲೆಗಳ ಮೇಲೋ ಮಾತಾಡಬಹುದಲ್ಲ?" ಎಂದು ಸಂಕೋಚದಿಂದ ಸೂಚಿಸಿದರು. ನಾನು ಮಾತಾಡಹೊರಟಿರುವುದು ಈ ಎರಡು ಸಂಗತಿಗಳ ಕುರಿತೇ ಎಂದು ಅವರನ್ನು ಒಪ್ಪಿಸಬೇಕಾಯಿತು. ಎಷ್ಟರಮಟ್ಟಿಗೆ ಮಾತು ಉಳಿಸಿಕೊಳ್ಳುತ್ತೇನೋ ನೀವೇ ನೋಡಿ.

ಡೊಂಬಿವಿಲಿಯಲ್ಲಿ ನಾವಿರುವ ಸೊಸೈಟಿಯ ಹಿಂಬದಿಯಲ್ಲಿ ಒಂದು ನಾಲೆಯಿದೆ. ಅದರ ದಂಡೆಯ ಪೊದೆಗಳಲ್ಲಿ ಮುಂಗುಸಿಗಳ ಸಂಸಾರವೊಂದು ಬಹಳ ಕಾಲದಿಂದ ನೆಲೆಸಿದೆ. ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡ ನನ್ನ ಹೆಂಡತಿ, "ಬಾ ಇಲ್ಲಿ, ಮುಂಗುಸಿ ನೋಡು" ಎಂದು ಮೊಮ್ಮಗಳನ್ನು ಕರೆದಳು. ಮೂರನೆಯ ತರಗತಿಯ ಹುಡುಗಿ ಓಡಿ ಬಂದು ನೋಡಿತು, ಸಂತೋಷಪಟ್ಟಿತು; ಆಮೇಲೆ, "ಅಜ್ಜೀ, ಅದು ಮುಂಗುಸಿ ಅಲ್ಲ, ಮುಂಗೂಸ್. ನೀನು ಮರಾಠಿ ತಪ್ಪು ಮಾತಾಡ್ತೀ" ಎಂದಿತು. ಮಗುವಿನ ಮಾತಿಗೆ ಎಲ್ಲರೂ ನಕ್ಕೆವು. ನನ್ನ ಮಗನೂ ನಗುತ್ತ, "ಅದು ಮೂಲದಲ್ಲಿ ಮರಾಠಿ ಶಬ್ದವೇ ಇರಬೇಕು ಅಪ್ಪ, ನಮ್ಮವರು ಕೊನೆಗೊಂದು ಇಕಾರ ಹಚ್ಚಿಕೊಂಡಿದ್ದಾರೆ" ಎಂದ.

ಅಷ್ಟಕ್ಕೇ ಮುಗಿದಿದ್ದರೆ ಈ ಉಪನ್ಯಾಸವಿರುತ್ತಿರಲಿಲ್ಲ. ನಾಲ್ಕು ದಿನಗಳ ನಂತರ ಅದೇ ಕಿಟಕಿಯ ಬಳಿ ನಿಂತ ನನ್ನ ಹೆಂಡತಿ, ಅದೇ ಪ್ರಾಣಿಯನ್ನು ಕಂಡು, ಅದೇ ಮಗುವನ್ನು, "ಬಾ, ಮುಂಗೂಸ್ ಬಂದಿದೆ" ಎಂದು ಕರೆದಳು. ಮಲೆನಾಡಿನ ತನ್ನ ತವರಿನ ಅಡಿಕೆ ತೋಟದಲ್ಲಿ ಕಲಿತ ಮಾತನ್ನು, ಅರವತ್ತು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು, ತಪ್ಪೆಂದು ತಿಳಿದು ಆಕೆ ತಿದ್ದಿಕೊಂಡಿದ್ದಳು. ಯಾರೂ ಬಲವಂತ ಮಾಡಿರಲಿಲ್ಲ; ಯಾರ ದ್ವೇಷವೂ ಅದರಲ್ಲಿರಲಿಲ್ಲ. ನನಗೆ ಅಂದು ಊಟ ಸೇರಲಿಲ್ಲ ಎಂದರೆ ನೀವು ಅತಿಶಯೋಕ್ತಿ ಎನ್ನುತ್ತೀರಿ, ಆದ್ದರಿಂದ ಹಾಗೆನ್ನುವುದಿಲ್ಲ. ಆದರೆ ಅಂದಿನಿಂದ ಈ ಶಬ್ದದ ಬೆನ್ನುಹತ್ತಿದೆ.

ಮೊದಲು ಇಂಗ್ಲಿಷ್ ನಿಘಂಟುಗಳನ್ನು ತೆಗೆದೆ. ಇಂಗ್ಲಿಷಿನವರು ಮುಂಗುಸಿಯನ್ನು 'ಮಂಗೂಸ್' ಎನ್ನುತ್ತಾರೆ. ಆ ಶಬ್ದವನ್ನು ಅವರು ಪಡೆದದ್ದು ಮರಾಠಿಯಿಂದ ಎಂಬುದರಲ್ಲಿ ನಿಘಂಟುಕಾರರಿಗೆ ಅನುಮಾನವಿಲ್ಲ. ಕೆಲವು ನಿಘಂಟುಗಳು ನಡುವೆ ಪೋರ್ಚುಗೀಸರ 'ಮಂಗುಸ್' ಎಂಬ ರೂಪವನ್ನೂ ಇಡುತ್ತವೆ. ಇದರಲ್ಲಿ ಆಶ್ಚರ್ಯವಿಲ್ಲ. 1534ರಲ್ಲಿ ವಸಯಿಯ ಒಪ್ಪಂದದ ಮೂಲಕ ಮುಂಬಯಿಯ ಏಳು ದ್ವೀಪಗಳು ಪೋರ್ಚುಗೀಸರ ವಶವಾದವು; 1661ರಲ್ಲಿ ವರದಕ್ಷಿಣೆಯಾಗಿ ಇಂಗ್ಲೆಂಡಿನ ಅರಸನಿಗೆ ಸಂದು, 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಕಂಪನಿಯ ವೈದ್ಯನಾಗಿದ್ದ ಜಾನ್ ಫ್ರಾಯರ್ 1673ರಲ್ಲಿ ಇಲ್ಲಿಗೆ ಬಂದ. 1698ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಈ ಪ್ರಾಣಿಯ ಹೆಸರು ಬರುತ್ತದೆ. ಯುರೋಪಿನ ಫೆರೆಟ್ಟಿನ ಬಂಧು ಎಂದು ತನ್ನ ಓದುಗರಿಗೆ ಅವನು ಅದನ್ನು ಪರಿಚಯಿಸುತ್ತಾನೆ. ಇಂಗ್ಲಿಷ್ ಬರಹದಲ್ಲಿ ಈ ಹೆಸರಿನ ಮೊದಮೊದಲ ಬಳಕೆಗಳಲ್ಲಿ ಇದೊಂದು. ಹೀಗೆ ಈ ಪುಟ್ಟ ಶಬ್ದ ಹಡಗು ಹತ್ತಿದ್ದು ನಾವಿರುವ ಈ ಕರಾವಳಿಯಿಂದಲೇ.

ಆದರೆ ಮುಂಬಯಿಗೆ ಸಂಬಂಧಪಟ್ಟ ಇನ್ನೊಬ್ಬ ವೈದ್ಯ ಇದಕ್ಕೂ ನೂರು ವರ್ಷ ಮೊದಲೇ ಮುಂಗುಸಿಯ ಮಾತೆತ್ತಿದ್ದ. ಅವನು ಗಾರ್ಸಿಯಾ ದ ಓರ್ತಾ. ಮುಂಬಯಿ ದ್ವೀಪವನ್ನೇ ಗುತ್ತಿಗೆಗೆ ಪಡೆದಿದ್ದ ಪೋರ್ಚುಗೀಸ್ ಪಂಡಿತ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ಔಷಧಿಸಂವಾದ ಗ್ರಂಥದಲ್ಲಿ, ಸಿಂಹಳದ ಹಾವಿನ ಮದ್ದಿನ ಪ್ರಸ್ತಾಪ ಬಂದಾಗ, ನಾಗರದೊಡನೆ ಕಾದುವ ಈ ಪ್ರಾಣಿಯ ಹೆಸರನ್ನು ಅವನು 'ಕಿಲ್', 'ಕಿರ್ಪೆಲೆ' ಎಂದು ಬರೆದ. ಇದು ತಮಿಳಿನ 'ಕೀರಿಪ್ಪಿಳ್ಳೈ' ಎಂಬುದನ್ನು ಮಾಟುಂಗಾದ ನೆರೆಹೊರೆಯಲ್ಲಿ ಬೆಳೆದ ಯಾರೂ ಹೇಳಬಲ್ಲರು. ನಮ್ಮ ಹಳೆಯ ನಿಘಂಟುಗಳಲ್ಲಿಯೂ ಮುಂಗುಸಿಗೆ 'ಕೀರ' ಎಂಬ ಹೆಸರುಂಟು. ಕಿರ್ರೆಂದು ಕೂಗುವುದರಿಂದ ಬಂದ ಹೆಸರಿದು ಎನ್ನುತ್ತಾರೆ, ಒಪ್ಪತಕ್ಕ ಮಾತು. ಓರ್ತಾ ಬಳಸಿದ ಹೆಸರು ಯುರೋಪಿನಲ್ಲಿ ನಿಲ್ಲಲಿಲ್ಲ, ಫ್ರಾಯರ್ ಬಳಸಿದ್ದು ನಿಂತಿತು. ಬಂದರು ಯಾರದೋ ಹೆಸರು ಅವರದು.

ಹಾಗಾದರೆ ಮರಾಠಿಗೆ ಅದು ಎಲ್ಲಿಂದ ಬಂತು? ಇಂಗ್ಲಿಷ್ ನಿಘಂಟುಗಳಲ್ಲಿ ಕೆಲವು ಇಲ್ಲಿಗೆ ನಿಂತುಬಿಡುತ್ತವೆ. ಮುಂದುವರಿಯುವವು, ದ್ರಾವಿಡ ಮೂಲದ್ದು ಎಂದು ಹೇಳಿ ತೆಲುಗಿನ 'ಮುಂಗಿಸ'ವನ್ನು ಉದಾಹರಿಸುತ್ತವೆ. ಕನ್ನಡದ ಹೆಸರೆತ್ತುವವರು ಕಡಿಮೆ. ಈ ಬಗ್ಗೆ ನಾನು ಮುನಿಸಿಕೊಳ್ಳುವುದಿಲ್ಲ. ಯೂಲ್ ಮತ್ತು ಬರ್ನೆಲ್ ಸೇರಿ ರಚಿಸಿದ, 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಪ್ರಸಿದ್ಧ ಕೋಶದ ಕರ್ತೃಗಳಲ್ಲಿ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ತುಳುನಾಡಿನ ಪಾಡ್ದನಗಳನ್ನು ಸಂಗ್ರಹಿಸಿದವನು. ಅವನ ಕೋಶವೂ ತೆಲುಗನ್ನೇ ಮುಂದೆ ಮಾಡಿದೆ. ಕಿಟ್ಟೆಲ್ಲರ ಕನ್ನಡ ನಿಘಂಟು ಬಾಸೆಲ್ ಮಿಷನ್ನಿನ ಮುದ್ರಣಾಲಯದಿಂದ ಹೊರಬಿದ್ದದ್ದು 1894ರಲ್ಲಿ. ಅಷ್ಟರಲ್ಲಿ ಬರ್ನೆಲ್ ತೀರಿಕೊಂಡಿದ್ದ. ಅದೇ 1894ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್‌ನ 'ಜಂಗಲ್ ಬುಕ್' ಪ್ರಕಟವಾಗಿ, ಅದರೊಳಗಿನ ರಿಕ್ಕಿ-ಟಿಕ್ಕಿ-ಟಾವಿಯ ದೆಸೆಯಿಂದ ಮುಂಗುಸಿ ಲೋಕದ ಮಕ್ಕಳಿಗೆಲ್ಲ ಪರಿಚಿತವಾಯಿತು. ಒಂದೇ ವರ್ಷ ಒಂದು ಪುಸ್ತಕ ಮುಂಗುಸಿಗೆ ಕೀರ್ತಿ ತಂದಿತು. ಇನ್ನೊಂದು ಅದರ ವಂಶಾವಳಿಗೆ ದಾಖಲೆ ಒದಗಿಸಿತು. ಯಾವುದನ್ನು ಹೆಚ್ಚು ಜನ ಓದಿದರೆಂದು ಹೇಳಬೇಕಾಗಿಲ್ಲ.

ಈಗ ಆ ವಂಶಾವಳಿಯನ್ನೇ ನೋಡೋಣ. ಮಗನ ಊಹೆಗೂ ನನ್ನ ಊಹೆಗೂ ತೀರ್ಪು ಹೇಳುವ ಸಾಕ್ಷ್ಯ ಅಲ್ಲಿಯೇ ಇರುವುದು.

ಕನ್ನಡದಲ್ಲಿ ಈ ಪ್ರಾಣಿಗೆ ಒಂದು ಹೆಸರಲ್ಲ, ಒಂದು ಕುಟುಂಬವೇ ಇದೆ: ಮುಂಗಿ, ಮುಂಗಿಸಿ, ಮುಂಗುಸಿ, ಮುಂಗುಲಿ, ಮುಂಗುರಿ. ತುಳುವಿನಲ್ಲಿ ಮುಂಗುಲಿ, ಮುಂಗಿಲಿ. ತೆಲುಗಿನಲ್ಲಿ ಮುಂಗಿ, ಮುಂಗಿಸ. ಬರ್ರೋ ಮತ್ತು ಎಮೆನೋ ಎಂಬ ವಿದ್ವಾಂಸರು ರಚಿಸಿದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ (1961, ಪರಿಷ್ಕೃತ ಮುದ್ರಣ 1984) ಇವೆಲ್ಲವೂ ಒಂದೇ ಉಲ್ಲೇಖದಡಿ ಸೇರಿವೆ. ಇವುಗಳಲ್ಲಿ ಕಾಣುವ ಸಂಗತಿಯೇನು? 'ಮುಂಗಿ' ಎಂಬುದು ಬುಡ. ಅದಕ್ಕೆ ಒಂದೆಡೆ ಸಿ, ಒಂದೆಡೆ ಲಿ, ಇನ್ನೊಂದೆಡೆ ರಿ ಎಂಬ ಬಾಲಗಳು ಹತ್ತಿಕೊಂಡಿವೆ. ಈ ಶಬ್ದವನ್ನು ನಾವು ಮರಾಠಿಯಿಂದ ತಂದದ್ದಾಗಿದ್ದರೆ 'ಮುಂಗೂಸ್' ಎಂಬ ಒಂದೇ ರೂಪ ಬರಬೇಕಿತ್ತು; ಅದರ ಸಕಾರವನ್ನು ತೆಗೆದು ಲಕಾರ ರೇಫಗಳನ್ನು ಹಚ್ಚುವ ಕೆಲಸವನ್ನು ಉಡುಪಿಯವರೂ ರಾಯಲಸೀಮೆಯವರೂ ಏಕೆ ಮಾಡುತ್ತಿದ್ದರು? ಬುಡವೂ ಕೊಂಬೆಗಳೂ ಒಂದೆಡೆ ಇದ್ದು, ಇನ್ನೊಂದೆಡೆ ಒಂದೇ ಕೊಂಬೆ ಇದ್ದರೆ, ಮರ ಎಲ್ಲಿಯದು ಎಂದು ಕೇಳಬೇಕಾಗಿಲ್ಲ.

ನಮ್ಮ ಗೆಳೆಯರೊಬ್ಬರು, ಹೆಸರು ಹೇಳುವುದಿಲ್ಲ, ಎದುರಿಗೇ ಕುಳಿತಿದ್ದಾರೆ, 'ಮುಂದೆ ನುಸುಳುವುದರಿಂದ ಮುಂಗುಸಿ' ಎಂದು ವಿವರಿಸಿದರು. ಸೊಗಸಾಗಿದೆ, ಆದರೆ ಮುಂಗುಲಿ ಏನು ಮಾಡುತ್ತದೆ ಎಂದು ಕೇಳಿದೆ. ಶಬ್ದಗಳ ಮೈಮೇಲೆ ಅರ್ಥವನ್ನು ಬಲವಂತವಾಗಿ ಹೊದಿಸುವ ಈ ಚಟ ಎಲ್ಲ ಭಾಷಿಕರಿಗೂ ಇದೆ. ಇಂಗ್ಲಿಷಿನವರು ಮಂಗೂಸಿನಲ್ಲಿ 'ಗೂಸ್' ಎಂಬ ತಮ್ಮ ಬಾತನ್ನು ಕಂಡು, ಬಹುವಚನ 'ಮಂಗೀಸ್' ಆಗಬೇಕೇನೋ ಎಂದು ಇಂದಿಗೂ ತಡವರಿಸುತ್ತಾರೆ.

ಇನ್ನು ಉತ್ತರದ ಕಡೆಯ ಸಾಕ್ಷ್ಯ. ಸಂಸ್ಕೃತದಲ್ಲಿ ಮುಂಗುಸಿ 'ನಕುಲ'. ಅದರಿಂದ ಹಿಂದಿಯ 'ನೇವಲಾ' ಬಂತು, ಗುಜರಾತಿಯ 'ನೋಳಿಯೋ' ಬಂತು. ಆರ್ಯಭಾಷೆಗಳಲ್ಲಿ ಕುಲಕ್ರಮವಾಗಿ ಇಳಿದ ಹೆಸರು ಇದು. ಮರಾಠಿಗೂ ಇದೇ ಸಲ್ಲಬೇಕಿತ್ತು. ಆದರೆ ದಮಣಗಂಗೆಯನ್ನು ದಾಟಿ ದಕ್ಷಿಣಕ್ಕೆ ಬರುತ್ತಲೇ ನೋಳಿಯೋ ಹೋಗಿ ಮುಂಗೂಸ್ ಬರುತ್ತದೆ, ಕೊಂಕಣಿಯಲ್ಲೂ ಅದೇ. ಮುಂಬಯಿ ಈ ಗಡಿಯ ಮೇಲೆಯೇ ನಿಂತಿದೆ. ನಮ್ಮ ಕಟ್ಟಡದ ನಾಲ್ಕು ಮಹಡಿಗಳಲ್ಲಿ ಅದೇ ಒಂದು ಪ್ರಾಣಿ ನೋಳಿಯೋ, ನೇವಲಾ, ಮುಂಗೂಸ್, ಕೀರಿ, ಮುಂಗುಸಿ ಎಂದು ಐದು ಹೆಸರು ಹೊತ್ತು ಹಿತ್ತಲಲ್ಲಿ ಓಡಾಡುತ್ತದೆ.

ಹಾಗೆಂದು ಮರಾಠಿಗರು ನಿನ್ನೆ ಮೊನ್ನೆ ಇದನ್ನು ಎತ್ತಿಕೊಂಡರೆಂದು ತಿಳಿಯಬಾರದು. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಚಾಲುಕ್ಯರ ಆಶ್ರಯದಲ್ಲಿದ್ದ ಜೈನಾಚಾರ್ಯ ಹೇಮಚಂದ್ರನು 'ದೇಶೀನಾಮಮಾಲೆ' ಎಂಬ ಕೋಶವನ್ನು ರಚಿಸಿದ. ಸಂಸ್ಕೃತದಿಂದ ಸಾಧಿಸಲು ಬಾರದ ಪ್ರಾಕೃತ ಶಬ್ದಗಳ ಸಂಗ್ರಹ ಅದು. ಅದರಲ್ಲಿ ಮುಂಗುಸಿಗೆ 'ಮುಗ್ಗಸ', 'ಮುಗ್ಗುಸ' ಎಂಬ ರೂಪಗಳಿವೆ. ಎಂದರೆ, ಎಂಟುನೂರು ವರ್ಷಗಳಿಗೂ ಹಿಂದೆಯೇ ಪ್ರಾಕೃತದ ಪಂಡಿತನೊಬ್ಬ ಈ ಶಬ್ದವನ್ನು ತನ್ನ ಭಾಷೆಯದೆಂದು ಸ್ವೀಕರಿಸಿದ್ದ. ಆದರೆ ಸಂಸ್ಕೃತದ ಮಗುವಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಗುರುತಿಸಿದ್ದ. ಆಗ ಆಂಗ್ಲರಿಲ್ಲ, ಪೋರ್ಚುಗೀಸರಿಲ್ಲ, ಮುಂಬಯಿ ಇರಲಿಲ್ಲ. ಎಂಟುನೂರು ವರ್ಷ ಒಂದು ಮನೆಯಲ್ಲಿದ್ದವರನ್ನು ನಾವು ಅತಿಥಿಗಳೆನ್ನುವುದಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಸಂಗತಿಗಳನ್ನು ನಾನು ಮೊದಲು ಸಂಘದ ಕೆಲವು ಮಿತ್ರರಲ್ಲಿ ಹಂಚಿಕೊಂಡಾಗ, ಅವರಲ್ಲೊಬ್ಬರು ಮೇಜು ಗುದ್ದಿ, "ನೋಡಿದಿರಾ, ಅವರದೆಲ್ಲ ನಮ್ಮಿಂದ ತಂದ ಸಾಲ!" ಎಂದರು. ತೂಪ ನಮ್ಮ ತುಪ್ಪ, ಅಡಕಿತ್ತಾ ನಮ್ಮ ಅಡಕತ್ತರಿ, ಅಕ್ಕಾ ಅಣ್ಣಾ ನಮ್ಮವೇ ಎಂದು ಪಟ್ಟಿ ಬೆಳೆಯಿತು. ಪಟ್ಟಿಯಲ್ಲಿ ಸತ್ಯಾಂಶವಿದೆ. ಆದರೆ ಅದನ್ನು ಓದಿದ ಧಾಟಿ ವಸೂಲಿಗೆ ಬಂದ ಸಾಹುಕಾರನದು. ಮಿತ್ರರೇ, ಶಬ್ದದ ಸಾಲ ವಿಚಿತ್ರವಾದ ಸಾಲ. ಕೊಟ್ಟವನ ಗಂಟು ಕರಗುವುದಿಲ್ಲ, ತೆಗೆದುಕೊಂಡವನು ಬಡ್ಡಿ ಕಟ್ಟುವುದಿಲ್ಲ. ಶಂಬಾ ಜೋಶಿಯವರು 'ಕಣ್ಮರೆಯಾದ ಕನ್ನಡ' ಬರೆದವರು. ಮಹಾರಾಷ್ಟ್ರದ ನೆಲದಲ್ಲಿ ಕನ್ನಡದ ಹೆಜ್ಜೆಗಳನ್ನು ಜೀವಮಾನವೆಲ್ಲ ಹುಡುಕಿದವರು. ಅವರೇ 1952ರಲ್ಲಿ 'ಮರ್ಹಾಠೀ ಸಂಸ್ಕೃತಿ' ಎಂಬ ಗ್ರಂಥವನ್ನು ಮರಾಠಿಯಲ್ಲಿ ಬರೆದು ಮರಾಠಿ ವಾಚಕರ ಮುಂದಿಟ್ಟರು. ನೆರೆಯವನ ಮನೆಯ ವಿಚಾರವನ್ನು ಅವನ ಭಾಷೆಯಲ್ಲೇ ಅವನೊಡನೆ ಚರ್ಚಿಸುವ ಧೈರ್ಯ ಅದು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದಗಳ ಬಳಿ ಕನ್ನಡ, ತಮಿಳು, ಮರಾಠಿ ಮೂರೂ ಕೆತ್ತಲ್ಪಟ್ಟಿವೆ. ಮೂರರಲ್ಲಿ ಒಂದನ್ನು ಅಳಿಸಬೇಕೆಂದು ಇಷ್ಟು ಶತಮಾನಗಳಲ್ಲಿ ಯಾರಿಗೂ ತೋರಲಿಲ್ಲ.

ಈಗ ಸ್ವಲ್ಪ ದೂರ ಹೋಗಿಬರೋಣ. ಮೆಕ್ಸಿಕೋ ದೇಶದಲ್ಲಿ ನಾವಾತ್ಲ್ ಎಂಬ ಭಾಷೆಯಿದೆ. ಸ್ಪೇನಿನವರು ಬರುವ ಮೊದಲು ಅಜ್ಟೆಕ್ ಸಾಮ್ರಾಜ್ಯದ ಭಾಷೆ ಅದು. ಆ ಕುಟುಂಬದ ನುಡಿಗಳನ್ನು ಇಂದಿಗೂ ಹದಿನೈದು ಲಕ್ಷಕ್ಕಿಂತ ಹೆಚ್ಚು ಜನ ಆಡುತ್ತಾರೆ. ತೋಳದ ಜಾತಿಯ ಅಲ್ಲಿನ ಒಂದು ಪ್ರಾಣಿಗೆ ಅವರು 'ಕೊಯೋತ್ಲ್' ಎನ್ನುತ್ತಿದ್ದರು. ಕೊನೆಯ 'ತ್ಲ್' ಸ್ಪೇನಿನವರ ನಾಲಿಗೆಗೆ ಒಗ್ಗದೆ 'ಕೊಯೋತೆ' ಆಯಿತು, ಇಂಗ್ಲಿಷಿನಲ್ಲಿ 'ಕಯೋಟಿ' ಆಯಿತು. ಮೆಕ್ಸಿಕೋ ಮಹಾನಗರದ ಒಂದು ಬಡಾವಣೆ ಕೊಯೊವಾಕಾನ್. ಕೊಯೋತ್ಲ್‌ಗಳಿದ್ದ ತಾಣ ಎಂಬುದು ಅದರ ಅರ್ಥ. ನಮ್ಮ ಠಾಣೆಯ ಘೋಡಬಂದರ್ ರಸ್ತೆಯ ವಾಘಬಿಳ ನೆನಪಾಗುತ್ತದಲ್ಲವೇ? ಅಲ್ಲಿ ಹುಲಿಯೂ ಇಲ್ಲ, ಬಿಲವೂ ಇಲ್ಲ, ಹೆಸರು ಮಾತ್ರ ಬಸ್ಸಿನ ಹಲಗೆಯ ಮೇಲಿದೆ.

ನಾವಾತ್ಲ್‌ನ ಇನ್ನೊಂದು ಶಬ್ದದ ಗತಿ ನಮ್ಮ ಮುಂಗುಸಿಗೆ ಇನ್ನೂ ಹತ್ತಿರದ್ದು. 'ಓಸೆಲೋತ್ಲ್' ಎಂದರೆ ಅವರಲ್ಲಿ ಜಾಗ್ವಾರ್, ಆ ಖಂಡದ ಅತಿ ದೊಡ್ಡ ಬೆಕ್ಕು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಪ್ರಕೃತಿ ವಿಜ್ಞಾನಿ ಬುಫೋನ್, ಆ ಹೆಸರನ್ನು ಮೊಟಕುಗೊಳಿಸಿ, ಅದಕ್ಕಿಂತ ತೀರ ಸಣ್ಣದಾದ ಬೇರೊಂದು ಕಾಡುಬೆಕ್ಕಿಗೆ 'ಓಸೆಲೋ' ಎಂದು ಇಟ್ಟುಬಿಟ್ಟ. ಇಂದು ಲೋಕಕ್ಕೆಲ್ಲ ಓಸೆಲಾಟ್ ಎಂದರೆ ಆ ಸಣ್ಣ ಬೆಕ್ಕೇ. ಹೆಸರಿಟ್ಟ ಜನರನ್ನು ಯಾರೂ ಕೇಳಲಿಲ್ಲ.

ಮುಂಗುಸಿಗೆ ಆದದ್ದೂ ಹಾಗೆಯೇ. 1795ರಲ್ಲಿ ಫ್ರೆಂಚ್ ವಿಜ್ಞಾನಿಗಳು 'ಮುಂಗೋಸ್' ಎಂಬ ಪ್ರಾಣಿಕುಲವನ್ನು ಸ್ಥಾಪಿಸಿದರು. ಇಂದು 'ಮುಂಗೋಸ್ ಮುಂಗೋ' ಎಂದು ಎರಡು ಬಾರಿ ನಮ್ಮ ಹೆಸರನ್ನು ಹೊತ್ತಿರುವ ಪ್ರಾಣಿ ಯಾವುದು? ಬೆನ್ನ ಮೇಲೆ ಅಡ್ಡಪಟ್ಟೆಗಳಿರುವ, ಗುಂಪಾಗಿ ಬಾಳುವ ಆಫ್ರಿಕಾದ ಒಂದು ಜಾತಿ. ಅದು ಭಾರತದ ಮಣ್ಣನ್ನು ತುಳಿದದ್ದೇ ಇಲ್ಲ. ನಮ್ಮ ಹಿತ್ತಲಿನ ಬೂದು ಮುಂಗುಸಿಗೆ 1818ರಲ್ಲಿ 'ಎಡ್ವರ್ಡ್‌ಸೀ' ಎಂದು ಪರದೇಶದ ಉಪನಾಮ ದೊರೆಯಿತು. ಈಚಿನ ವರ್ಗೀಕರಣದಲ್ಲಿ ಅದು 'ಉರ್ವಾ ಎಡ್ವರ್ಡ್‌ಸೀ'. ಮಡಗಾಸ್ಕರ್ ದ್ವೀಪದ ಒಂದು ಲೆಮೂರಿಗೂ ಮಂಗೂಸ್ ಎಂಬ ಹೆಸರು ಅಂಟಿಕೊಂಡಿದೆ. ಅದಂತೂ ಕಪಿಯ ದಾಯಾದಿ. ಇದರ ಜೊತೆಗೆ, ಹಾವು ಕಚ್ಚಿದಾಗ ಮುಂಗುಸಿ ಹುಡುಕಿ ತಿನ್ನುತ್ತದೆಂದು ಜನ ನಂಬಿದ್ದ ಬೇರಿನ ಗಿಡಕ್ಕೆ ಲಿನೇಯಸ್ 1753ರಲ್ಲಿ 'ಓಫಿಯೋರೈಜಾ ಮುಂಗೋಸ್' ಎಂದು ಹೆಸರಿಟ್ಟ. ನಮ್ಮ ಸಹ್ಯಾದ್ರಿಯ ನೆರಳಿನಲ್ಲಿ ಬೆಳೆಯುವ ಗಿಡ ಅದು. ಉದ್ದಿನ ಬೇಳೆಯ ಶಾಸ್ತ್ರೀಯ ನಾಮದಲ್ಲಿರುವ 'ಮುಂಗೋ' ಮಾತ್ರ ಬೇರೆ. ಅದು ಹೆಸರುಕಾಳಿನ 'ಮೂಂಗ್'. ಹೆಸರಿನ ಹೆಸರು ಉದ್ದಿಗೆ ಹೋಯಿತು! ವಿಜ್ಞಾನಿಗಳ ಅಂಗಡಿಯಲ್ಲಿಯೂ ಚೀಟಿಗಳು ಅದಲುಬದಲಾಗುತ್ತವೆ ಎಂಬುದಕ್ಕೆ ಹೇಳಿದೆ.

ಬೇರಿನ ಮಾತು ಬಂದದ್ದರಿಂದ ಒಂದು ವಿಷಯ. ಆ ಗಿಡದಲ್ಲಿ ಅರ್ಬುದರೋಗದ ಚಿಕಿತ್ಸೆಗೆ ಒದಗುವ ಕ್ಯಾಂಪ್ಟೊಥೆಸಿನ್ ಎಂಬ ದ್ರವ್ಯ ದೊರೆತಿದೆ. ಆದರೆ ಮುಂಗುಸಿ ನಾಗರದ ವಿಷವನ್ನು ತಾಳಿಕೊಳ್ಳುವುದು ಬೇರು ತಿಂದಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 1992ರಲ್ಲಿ ತೋರಿಸಿದಂತೆ, ವಿಷ ಬಂದು ಹಿಡಿದುಕೊಳ್ಳಬೇಕಾದ ಸ್ನಾಯುವಿನ ಗ್ರಾಹಕವೇ ಅದರ ಮೈಯಲ್ಲಿ ತುಸು ಬೇರೆ ಆಕಾರದಲ್ಲಿದೆ, ಕೀಲಿ ತಿರುಗುವುದಿಲ್ಲ. ಉಳಿದದ್ದು ಅದರ ಚುರುಕು.

ಹೆಸರಿನ ಹಿಂದೆ ಪ್ರಾಣಿಯೂ ಹಡಗು ಹತ್ತಿತು. ಕಬ್ಬಿನ ಗದ್ದೆಯ ಇಲಿಗಳನ್ನು ಕೊಲ್ಲಲೆಂದು 1872ರಲ್ಲಿ ಕಲಕತ್ತೆಯಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಾ ದ್ವೀಪಕ್ಕೆ ಒಯ್ದರು. ಅಲ್ಲಿಂದ ಅವುಗಳ ಸಂತತಿ 1883ರಲ್ಲಿ ಹವಾಯಿಗೆ ಹೋಯಿತು. 1910ರಲ್ಲಿ ಜಪಾನಿನ ಓಕಿನಾವಾದಲ್ಲಿ, 1979ರಲ್ಲಿ ಅಮಾಮಿ ಓಶಿಮಾದಲ್ಲಿ, ಹಾಬು ಎಂಬ ವಿಷಸರ್ಪವನ್ನು ಹಿಡಿಯಲೆಂದು ಬಿಟ್ಟರು. ಹಾಬು ರಾತ್ರಿ ಹೊರಬರುವ ಹಾವು, ಮುಂಗುಸಿ ಹಗಲು ಬೇಟೆಯಾಡುವ ಪ್ರಾಣಿ. ಇವೆರಡೂ ಪರಸ್ಪರ ಮುಖ ನೋಡಿದ್ದೇ ಅಪರೂಪ. ಮುಂಗುಸಿ ಅಲ್ಲಿನ ಅಪೂರ್ವ ಮೊಲಗಳನ್ನು ತಿಂದಿತು. 2024ರ ಸೆಪ್ಟೆಂಬರಿನಲ್ಲಿ ಜಪಾನ್ ಸರಕಾರ ಅಮಾಮಿಯಲ್ಲಿ ಮುಂಗುಸಿ ನಿರ್ನಾಮವಾಯಿತೆಂದು ಘೋಷಿಸಿತು. ಪ್ರಾಣಿ ಹೋಯಿತು, ಜಪಾನಿ ಭಾಷೆಯಲ್ಲಿ 'ಮಂಗೂಸು' ಎಂಬ ಶಬ್ದ ಉಳಿದಿದೆ.

ಕಥೆಗಳ ಪಾಡು ಇದಕ್ಕೆ ತಿರುಗುಮುರುಗು. ಹಸುಗೂಸನ್ನು ಹಾವಿನಿಂದ ಕಾಪಾಡಿದ ಮುಂಗುಸಿಯನ್ನು, ಅದರ ಬಾಯಿಯ ರಕ್ತ ಕಂಡು ಅವಸರಪಟ್ಟು ಕೊಂದು, ಮಗುವನ್ನು ಜೀವಂತವಾಗಿ ನೋಡಿ ಎದೆ ಬಡಿದುಕೊಂಡ ತಾಯಿಯ ಪಂಚತಂತ್ರದ ಕಥೆ ನಿಮಗೆಲ್ಲ ಗೊತ್ತು. ಅದು ಪಹ್ಲವಿಗೆ, ಅರಬ್ಬಿಗೆ, ಯುರೋಪಿನ ಭಾಷೆಗಳಿಗೆ ಹೋಯಿತು. ಅರಬ್ಬಿಯಲ್ಲಿ ಮುಂಗುಸಿ ಕಳೆದುಹೋಗಿ ವೀಸಲ್ ಎಂಬ ಪ್ರಾಣಿ ಬಂತು. ಬ್ರಿಟನ್ನಿನ ವೇಲ್ಸ್ ಪ್ರಾಂತ ಸೇರುವ ಹೊತ್ತಿಗೆ ಅದು ರಾಜಕುಮಾರನ ನಿಷ್ಠಾವಂತ ನಾಯಿಯಾಗಿ, ಹಾವು ತೋಳವಾಗಿತ್ತು. ನಾಯಿಯ ಗೋರಿಯನ್ನೂ ಅಲ್ಲಿ ತೋರಿಸುತ್ತಾರೆ. ಕಥೆ ಹೆಸರನ್ನು ಬಿಟ್ಟು ಹೋಯಿತು, ಹೆಸರು ಕಥೆಯನ್ನು ಬಿಟ್ಟು ಹೋಯಿತು.

ಮತ್ತೆ ಡೊಂಬಿವಿಲಿಯ ಅಡುಗೆಮನೆಗೆ ಬರುತ್ತೇನೆ. ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಗ್ರಾಮದ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ ಎಂಬ ಭಾಷಾಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. ಆ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಆಡುವ ಮನೆಗಳು ಶತಮಾನಗಳಿಂದ ಒತ್ತಾಗಿವೆ. ಅವರ ವಾಕ್ಯರಚನೆ, ಪ್ರತ್ಯಯಗಳ ಬಳಕೆ ಬೆರೆತು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕವಾಗಿದ್ದವು. ಆದರೆ ಶಬ್ದಗಳನ್ನು ಮಾತ್ರ ಪ್ರತಿಯೊಂದು ಮನೆಯೂ ತನ್ನದೆಂದು ಬೇರೆಯಾಗಿಯೇ ಇಟ್ಟುಕೊಂಡಿತ್ತು. ನಾನು ಎಂತಹ ಭಾಷೆಯವನು ಎಂಬುದಕ್ಕೆ ಶಬ್ದವೇ ಗುರುತು.

ಇದನ್ನೋದಿದಾಗ ನನಗೆ ನಮ್ಮ ಮನೆಯ ಪ್ರಸಂಗದ ಮರ್ಮ ಹೊಳೆಯಿತು. ನನ್ನ ಮೊಮ್ಮಗಳು ಅಜ್ಜಿಯ 'ಬೆಕ್ಕು' ಎಂಬುದನ್ನು ಎಂದೂ ತಿದ್ದಿಲ್ಲ. ಮರಾಠಿಯಲ್ಲಿ ಅದು 'ಮಾಂಜರ್', ಕನ್ನಡದಲ್ಲಿ ಬೆಕ್ಕು, ಎರಡು ಬೇರೆ ಎಂದು ಅವಳಿಗೆ ಗೊತ್ತು. 'ನಾಯಿ'ಯನ್ನೂ ತಿದ್ದಿಲ್ಲ. ದೂರದ ಶಬ್ದಗಳಿಗೆ ಅಪಾಯವಿಲ್ಲ. ಅಪಾಯವಿರುವುದು ಹತ್ತಿರದವಕ್ಕೆ. ತುಪ್ಪ ಎಂದರೆ ತೂಪವನ್ನು ಒರಟಾಗಿ ಹೇಳಿದಂತೆ, ಮುಂಗುಸಿ ಎಂದರೆ ಮುಂಗೂಸನ್ನು ಎಳೆದು ಹೇಳಿದಂತೆ ಕಿವಿಗೆ ಕೇಳುತ್ತದೆ. ಶಾಲೆಯ ಪುಸ್ತಕದಲ್ಲಿ ಅಚ್ಚಾದದ್ದು ಒಂದು, ಅಜ್ಜಿಯ ಬಾಯಲ್ಲಿ ಬಂದದ್ದು ಇನ್ನೊಂದು ಎಂದಾಗ ಮಗು ಯಾವುದನ್ನು ಸರಿ ಎನ್ನುತ್ತದೆ? ನಮ್ಮ ಮನೆಗಳಲ್ಲಿ ಮೊದಲು ಸಾಯುವ ಕನ್ನಡ ಶಬ್ದಗಳು ಮರಾಠಿಗೆ ನೆಂಟರಾದ ಶಬ್ದಗಳೇ. ಅವು ಸತ್ತದ್ದು ನಮಗೆ ಗೊತ್ತೂ ಆಗುವುದಿಲ್ಲ, ಉಚ್ಚಾರ ಸರಿಹೋಯಿತು ಎಂದುಕೊಳ್ಳುತ್ತೇವೆ.

ಮರಾಠಿ ಕಲಿಯುವುದನ್ನು ನಾನು ಆಕ್ಷೇಪಿಸುತ್ತಿದ್ದೇನೆಂದು ಯಾರೂ ತಿಳಿಯಬೇಡಿ. 2020ರ ಕಾಯಿದೆಯಂತೆ ಈ ರಾಜ್ಯದ ಎಲ್ಲ ಮಾಧ್ಯಮದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಅನ್ನ ಕೊಟ್ಟ ನೆಲದ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯುವುದು ಯೋಗ್ಯವೇ. ಕನ್ನಡ ತೆಲುಗುಗಳಿಗೆ 2008ರಲ್ಲಿ, ಮರಾಠಿಗೆ 2024ರಲ್ಲಿ ಶಾಸ್ತ್ರೀಯ ಭಾಷೆಯ ಮನ್ನಣೆ ದೊರೆಯಿತು. ಮೂರು ಶಾಸ್ತ್ರೀಯ ಭಾಷೆಗಳ ಹಿತ್ತಲಲ್ಲಿ ಆಡುವ ಪ್ರಾಣಿ ನಮ್ಮದು. ನನ್ನ ತಕರಾರು ಒಂದೇ: ಕನ್ನಡವನ್ನು ಶಾಲೆಯಲ್ಲಿ ಓದದ ಮಗುವಿಗೆ, ಅಜ್ಜಿಯ ಮಾತು ಇನ್ನೊಂದು ಭಾಷೆಯ ತಪ್ಪಲ್ಲ, ತನ್ನದೇ ಆದ ಒಪ್ಪ ಉಳ್ಳ ಮಾತು ಎಂದು ಹೇಳುವವರು ಮನೆಯಲ್ಲಿ ಯಾರಾದರೂ ಇರಬೇಕು. ಹೇಳಬೇಕಾದರೆ ನಮಗೆ ಮೊದಲು ಗೊತ್ತಿರಬೇಕು. ನನಗೂ ಗೊತ್ತಿರಲಿಲ್ಲ, ಅಂದು ನಾನೂ ನಕ್ಕವರಲ್ಲೊಬ್ಬ.

ಒಂದು ಭಾನುವಾರ ಮೊಮ್ಮಗಳನ್ನು ಕೂರಿಸಿಕೊಂಡು, ಮುಂಗಿ, ಮುಂಗುಲಿ, ಮುಂಗುರಿ, ಮುಂಗಿಸ ಎಲ್ಲವನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ಅವಳಿಗೆ ಹೇಮಚಂದ್ರನಲ್ಲಿ ಆಸಕ್ತಿ ಹುಟ್ಟಲಿಲ್ಲ. ಜಪಾನಿನ ಮಂಗೂಸು ಬಹಳ ಹಿಡಿಸಿತು. ಮರಾಠಿ ಮಕ್ಕಳು ಮುಂಗುಸಿಯನ್ನು ಕಂಡಾಗ ಮುಖ ತೋರಿಸೆಂದು ಆಣೆ ಹಾಕಿ ಕರೆಯುವ ಒಂದು ವಾಡಿಕೆಯಿದೆ. ಅದನ್ನು ಅವಳು ನನಗೆ ಕಲಿಸಿದಳು. ಮಾರನೆಯ ದಿನ ಶಾಲೆಗೆ ಆ ಕಾಗದವನ್ನು ಒಯ್ದಳು. ಅವಳ ಮರಾಠಿ ಶಿಕ್ಷಕಿ ಅದನ್ನು ಓದಿ, ಕೆಳಗೆ ಗುಜರಾತಿಯ 'ನೋಳಿಯೋ' ಎಂಬುದನ್ನು ತಾವೇ ಸೇರಿಸಿ ಕಳುಹಿಸಿದರು. ನನ್ನ ಪಟ್ಟಿಯಲ್ಲಿ ಅದನ್ನು ನಾನು ಮರೆತಿದ್ದೆ.

ನನ್ನ ಹೆಂಡತಿ ಈಗ ಮಗುವಿನೊಡನೆ ಮುಂಗೂಸ್ ಎನ್ನುತ್ತಾಳೆ, ನನ್ನೊಡನೆ ಮುಂಗುಸಿ ಎನ್ನುತ್ತಾಳೆ. ತಿದ್ದಲು ನಾನು ಹೋಗಿಲ್ಲ.

ಕೊನೆಗೊಂದು ಬಿನ್ನಹ. ಈ ಸಭೆಯಲ್ಲಿ ಬೀದರಿನಿಂದ ಕಾಸರಗೋಡಿನವರೆಗಿನ ಜನರಿದ್ದೀರಿ, ಸೊಲ್ಲಾಪುರ ಅಕ್ಕಲಕೋಟೆಗಳ ಕನ್ನಡಿಗರೂ ಇದ್ದೀರಿ. ಬಾಗಿಲ ಬಳಿಯ ಮೇಜಿನ ಮೇಲೆ ಬಿಳಿ ಚೀಟಿಗಳನ್ನಿಟ್ಟಿದ್ದೇನೆ. ಚಹ ಕುಡಿದು ಹೊರಡುವ ಮೊದಲು, ನಿಮ್ಮ ಊರಿನಲ್ಲಿ ನಿಮ್ಮ ಅಜ್ಜಿ ಈ ಪ್ರಾಣಿಯನ್ನು ಏನೆಂದು ಕರೆಯುತ್ತಿದ್ದರೋ ಅದನ್ನೂ ಊರಿನ ಹೆಸರನ್ನೂ ಬರೆದಿಟ್ಟುಹೋಗಿ. ಉಚ್ಚಾರ ಸರಿಯೋ ತಪ್ಪೋ ಎಂದು ಯೋಚಿಸಬೇಡಿ, ಕೇಳಿದ ಹಾಗೆಯೇ ಬರೆಯಿರಿ.